ಅಪ್ಪ ತುಂಬಿದ ಸಾಲು

ನನ್ನ ಚಿತ್ರ ನೋಡಿದವರೆಲ್ಲ ಮೊದಲು ಕೇಳುವುದು, ಇದು ಏನು ಅಂತ. ಅದರಲ್ಲಿ ಗೆರೆಗಳಿವೆ, ಅಷ್ಟೇ. ಎಡದಿಂದ ಬಲಕ್ಕೆ, ಒಂದರ ಕೆಳಗೊಂದು, ಸ್ಕೇಲು ಮುಟ್ಟದೆ ನಿಬ್ಬಿನ ಪೆನ್ನಿನಿಂದ ಎಳೆದ ಕಪ್ಪು ಗೆರೆಗಳು. ಕಾಗದ ಹೆಚ್ಚುಕಡಿಮೆ ಬಾಗಿಲಿನಷ್ಟು ದೊಡ್ಡದು. ಹುಮನಾಬಾದಿನಲ್ಲಿ ನಾನು ಡ್ರಾಯಿಂಗ್ ಕಲಿಸುವ ಶಾಲೆಯ ಹೆಡ್‌ಮಾಸ್ಟರರು ಅದನ್ನು ನನ್ನ ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ, ಸೀರೆಯ ಸೆರಗಿನ ಡಿಸೈನೇನು ಎಂದು ಕೇಳಿದರು. ಗಣಿತದ ಮೇಡಂ, ಮಕ್ಕಳ ಕಾಪಿ ಬುಕ್ಕಿಗೂ ಇದಕ್ಕೂ ಏನು ಫರಕು ಅಂದರು. ನಾನು ನಕ್ಕು ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊಬೈಲು ಕಿತ್ತುಕೊಂಡು ಸ್ಟಾಫ್ ರೂಮಿನಿಂದ ಎದ್ದು ಬಂದೆ.

ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನಲ್ಲಿ ಕೆಲಸ, ಹದಿನೆಂಟು ವರ್ಷದಿಂದ ದಿನಾ ಬಸ್ಸು. ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಸ್ವಲ್ಪ ಹೆಚ್ಚು ನಿಂತರೆ ಇಳಿದು ಅಡ್ಡಾಡುತ್ತೇನೆ, ಕಂಡಕ್ಟರರು ಬೈದು ಹತ್ತಿಸಿಕೊಳ್ಳುತ್ತಾರೆ. ನೋಡಲು ಬಂದ ಗಂಡಿನವರ ಮುಂದೆ ಕೂರುವಷ್ಟು ತಾಳ್ಮೆಯೂ ಇರಲಿಲ್ಲವಾಗಿ ಮದುವೆಯೂ ಆಗಲಿಲ್ಲ. ಗೆರೆ ಎಳೆಯಲು ಶುರುಮಾಡಿದ್ದು ಕೂಡ ಕೈಗೊಂದು ಕೆಲಸ ಬೇಕು ಅಂತಲೇ, ಬೇರೆ ದೊಡ್ಡ ಕಾರಣವಿರಲಿಲ್ಲ.

ಶಾಲೆಯಲ್ಲಿ ನಾನು ಬರೆಯುವುದು ಸುಸ್ವಾಗತದ ಬೋರ್ಡು, ವಿಜ್ಞಾನದ ಮೇಷ್ಟ್ರಿಗೆ ಹೃದಯದ ಚಾರ್ಟು. ಮುಗಿದಾಗ ಹೇಗಿರಬೇಕೆಂದು ಮೊದಲೇ ಗೊತ್ತಿರುವ ಚಿತ್ರಗಳು. ಗೆರೆ ಹಾಗಲ್ಲ. ಪೆನ್ನು ಇಟ್ಟಲ್ಲಿ ಶಾಯಿ ಒಂದಿಷ್ಟು ದಪ್ಪಗೆ ನಿಲ್ಲುತ್ತದೆ, ಕೈ ಓಡಿದರೆ ತೆಳ್ಳಗಾಗುತ್ತದೆ, ಉಸಿರು ಬಿಟ್ಟಾಗ ಕೂದಲೆಳೆಯಷ್ಟು ಕೆಳಕ್ಕೆ ಬಾಗುತ್ತದೆ. ಕೆಳಗಿನ ಗೆರೆ ಮೇಲಿನದರ ಬಾಗನ್ನು ನೋಡಿಕೊಂಡೇ ಹೋಗಬೇಕು. ಹಾಗಾಗಿ ಒಂದು ಬೆಳಗಿನ ಕಿರಿಕಿರಿ ಹತ್ತು ಗೆರೆ ಕೆಳಗಿನವರೆಗೂ ಕಾಣುತ್ತಲೇ ಇರುತ್ತದೆ. ಇದು ಏನು ಎಂದು ಕೇಳಿದವರಿಗೆ ನಾನು ಹೇಳಬೇಕಾದದ್ದು ಇಷ್ಟೇ ಇತ್ತು: ಎಲ್ಲಿ ಶುರುವಾಯಿತು, ಎಲ್ಲಿ ತಡವರಿಸಿತು, ಎಲ್ಲಿ ಮತ್ತೆ ಹಾದಿಗೆ ಬಂತು ನೋಡಿ. ಹಾಗೆ ಹೇಳಲು ಹೋದರೆ ನನ್ನ ದನಿ ಏರುತ್ತದೆ, ಕೇಳುವವರು ಗಡಿಯಾರ ನೋಡುತ್ತಾರೆ.

ಆ ಚಿತ್ರವನ್ನು ಸರಿಯಾಗಿ ನೋಡಿದ ಮೊದಲ ಮನುಷ್ಯ ನನ್ನ ಅಪ್ಪ.

ಅಪ್ಪ ಬೇಮಳಖೇಡದ ರೈತ, ಓದಿದ್ದು ಮೂರನೇ ಇಯತ್ತೆ. ಆದರೆ ಕೂರಿಗೆ ಹಿಡಿಯುವುದರಲ್ಲಿ ಅವನ ಕೈಗೆ ಹೆಸರಿತ್ತು. ಕೂರಿಗೆ ಎಂದರೆ ಎತ್ತುಗಳು ಎಳೆಯುವ, ಒಂದೇ ಸಲಕ್ಕೆ ಮೂರು ಸಾಲು ಬೀಜ ಬೀಳಿಸುವ ಮರದ ಸಾಧನ. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ ಬಿದ್ದರೆ ಊರವರು ತಮ್ಮ ಹೊಲದ ಮೊದಲ ಸಾಲು ಹಿಡಿಯಲು ಅವನನ್ನು ಕರೆಯಲು ಬರುತ್ತಿದ್ದರು. ಮೊದಲನೆಯದು ಸೊಟ್ಟಗಾದರೆ ಮುಂದಿನವೆಲ್ಲ ಸೊಟ್ಟಗೇ ಹೋಗುತ್ತವೆ. ಬಿತ್ತಿದ ದಿನ ಏನೂ ಕಾಣುವುದಿಲ್ಲ. ಎಂಟು ಹತ್ತು ದಿನಕ್ಕೆ ಮೊಳಕೆ ಎದ್ದಾಗ ಎಲ್ಲ ಬಯಲಿಗೆ ಬೀಳುತ್ತದೆ. ರಸ್ತೆಯಲ್ಲಿ ಹೋಗುವವರು ಬದುವಿನ ಮೇಲೆ ನಿಂತು, ಇಲ್ಲಿ ಎತ್ತು ಬೆದರಿದೆ, ಇಲ್ಲಿ ಬಿತ್ತುವವ ಎಲೆಯಡಿಕೆ ಹಾಕಿಕೊಂಡಿದ್ದಾನೆ, ಇಲ್ಲಿ ಯಾರ ಜೊತೆಗೋ ಮಾತಿಗೆ ನಿಂತಿದ್ದಾನೆ ಎಂದು ಓದಿ ಹೇಳಿ ನಗುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಮುಂದೆ ಕೂತು ಕೊಡಂಬಲದ ಸಂಬಂಧಿಕರ ಮನೆಗೆ ಹೋಗುವಾಗ, ದಾರಿಯುದ್ದಕ್ಕೂ ಕಂಡವರ ಹೊಲವನ್ನೆಲ್ಲ ಅವನು ಹೀಗೆ ಓದುತ್ತಿದ್ದ. ಆಗ ನನಗೆ ಬೇಸರವಾಗಿ ಸೈಕಲ್ಲಿನಿಂದ ಇಳಿಸು ಎಂದು ಹಟ ಹಿಡಿಯುತ್ತಿದ್ದೆ.

ಹೋದ ವರ್ಷ ದೀಪಾವಳಿಯ ನಂತರ, ಊರಲ್ಲಿರುವ ನನ್ನ ತಮ್ಮ ಬಂದು ಅಪ್ಪನನ್ನು ನನ್ನ ಮನೆಗೆ ತಂದು ಬಿಟ್ಟ. ಅಪ್ಪನ ಬಲಗೈ ನಡುಗುತ್ತಿತ್ತು, ಬಸವಕಲ್ಯಾಣದಲ್ಲಿ ಒಳ್ಳೆಯ ಡಾಕ್ಟರಿದ್ದಾರೆಂದು ಯಾರೋ ಹೇಳಿದ್ದರು. ನನ್ನದು ಮಾಳಿಗೆ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಒಂದು ಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಸ್ಟೂಲುಗಳ ಮೇಲೆ ಇಟ್ಟು ಮಾಡಿದ ಮೇಜು, ಅದರ ಮೇಲೆ ಈ ಚಿತ್ರ. ಅಪ್ಪ ಬಂದ ಮರುದಿನವೇ ಅದರ ಮುಂದೆ ಹೋಗಿ ನಿಂತ. ಇದು ಏನು ಎಂದು ಕೇಳಲಿಲ್ಲ.

“ಎಲ್ಲಿಂದ ಹಿಡದಿ?” ಅಂದ.

ಎಡಗಡೆಯ ಮೇಲಿನ ಮೂಲೆ ತೋರಿಸಿದೆ. ಅಲ್ಲಿಂದ ಅವನು ಕಾಗದದ ಉದ್ದಕ್ಕೂ ನಡೆಯತೊಡಗಿದ, ಬದುವಿನ ಮೇಲೆ ನಡೆದ ಹಾಗೇ, ಕೈ ಹಿಂದೆ ಕಟ್ಟಿಕೊಂಡು. ಒಂದು ಕಡೆ ನಿಂತು, ಇಲ್ಲಿ ನೀನು ಎದ್ದು ಹೋಗಿದ್ದೀ ಅಂದ. ಹೌದು, ಕುಕ್ಕರ್ ಕೂಗಿತ್ತು. ಇನ್ನೊಂದು ಕಡೆ ಬಗ್ಗಿ ನೋಡಿ, ಇಲ್ಲಿ ಸಿಟ್ಟಿನಲ್ಲಿದ್ದೆಯಲ್ಲ, ನಾಲ್ಕು ಸಾಲು ದಡದಡ ಓಡಿಸಿಬಿಟ್ಟಿದ್ದೀ ಅಂದ. ಅದು ಹೆಡ್‌ಮಾಸ್ಟರರು ಸೆರಗು ಅಂದ ದಿನದ ಸಂಜೆ ಎಳೆದದ್ದು. ಹದಿನೆಂಟು ವರ್ಷ ಯಾರು ಹೀಗೆ ನೋಡಲಿ ಎಂದು ನಾನು ಕಾದಿದ್ದೆನೋ ಆ ಮನುಷ್ಯನನ್ನು ಸೈಕಲ್ಲಿನ ಮೇಲೆ ಕೂತಾಗಲೇ ಬೇಸರ ಮಾಡಿಕೊಂಡು ಬಿಟ್ಟಿದ್ದೆ.

ಆಮೇಲಿನ ಸಂಜೆಗಳು ಚೆನ್ನಾಗಿದ್ದವು. ಬಸ್ಸಿಳಿದು ಬಂದು, ಚಹಾ ಕುಡಿದು, ನಾನು ನಾಲ್ಕೈದು ಗೆರೆ ಎಳೆಯುವುದು, ಅಪ್ಪ ಪಕ್ಕದ ಮಂಚದ ಮೇಲೆ ಕೂತು ನೋಡುವುದು. ಅಂಚಿನ ಹತ್ತಿರ ಬಂದಾಗ ನಾನು ಆತುರ ಮಾಡುತ್ತೇನೆಂದು ಅವನೇ ಕಂಡುಹಿಡಿದು ಹೇಳಿದ. ಮುಗಿಯಿತು ಎಂದು ಕೈಗೆ ಗೊತ್ತಾದ ಕೂಡಲೇ ಅದು ಸಡಿಲಾಗುತ್ತದೆ, ಎತ್ತುಗಳೂ ಹಾಗೇ, ಬದು ಕಂಡರೆ ಓಡುತ್ತವೆ ಅಂದ. ಮರುದಿನದಿಂದ ನಾನು ಅಂಚಿನಲ್ಲಿ ಉಸಿರು ಹಿಡಿಯತೊಡಗಿದೆ.

ಜನವರಿಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು. ಅದು ಕಂಪವಾತ. ಗುಳಿಗೆಯಿಂದ ತಡೆಯಬಹುದು, ಹೋಗುವುದಿಲ್ಲ, ಬರುಬರುತ್ತಾ ಹೆಚ್ಚಾಗುತ್ತದೆ. ಅಪ್ಪನಿಗೆ ನಾನು ನರದ ನಿಶ್ಶಕ್ತಿ ಎಂದಷ್ಟೇ ಹೇಳಿದೆ. ಅವತ್ತು ಅವನು ಊಟ ಮಾಡಿ ಮಲಗಿದ ಮೇಲೆ ಪೆನ್ನು ಹಿಡಿದೆ. ಮುಂದಿನ ಗೆರೆಯ ಜಾಗಕ್ಕೆ ಕೈ ಹೋಯಿತು, ನಿಬ್ಬು ಊರಲಿಲ್ಲ. ಎದ್ದೆ, ಕೋಣೆಯಲ್ಲಿ ಸುತ್ತಿದೆ, ಮತ್ತೆ ಬಂದೆ. ಕೊನೆಗೆ ಆ ಒಂದು ಸಾಲನ್ನು ಹಾಗೇ ಬಿಟ್ಟು ಅದರ ಕೆಳಗಿನದನ್ನು ಎಳೆದೆ. ಕಾಗದದ ನಡುವೆ, ಒಂದು ಜೋಳದ ಕಾಳು ಹಿಡಿಸುವಷ್ಟು ಅಗಲದ ಬಿಳಿ ಪಟ್ಟಿ ಉಳಿಯಿತು. ದಿನ ಕಳೆದ ಹಾಗೆ ಇಡೀ ಚಿತ್ರ ಆ ಬಿಳಿಯ ಸುತ್ತಲೇ ನಿಂತಿದೆ ಎಂದು ನನಗೆ ಅನಿಸತೊಡಗಿತು.

ಅಪ್ಪನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ಮರುದಿನವೇ, ಒಂದು ಸಾಲು ಬಿಟ್ಟಿದ್ದೀಯಲ್ಲ ಎಂದು ಕೇಳಿದ. ಅದು ನೀನು ಅಪ್ಪ, ಎಂದು ಹೇಳಲು ಬಾಯಿ ಬರಲಿಲ್ಲ. ಇರಲಿ ಬಿಡು ಎಂದೆ. ಅವನು ಮತ್ತೆ ಕೇಳಲಿಲ್ಲ, ಆದರೆ ದಿನಾ ಆ ಜಾಗಕ್ಕೆ ಬಂದಾಗ ಅವನ ಕಣ್ಣು ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನಾನು ನೋಡಿಯೂ ಸುಮ್ಮನಿದ್ದೆ.

ಚಿತ್ರ ಮುಗಿದಾಗ ಫೋಟೋ ತೆಗೆದು ಕಲಬುರಗಿಯ ಒಂದು ಪ್ರದರ್ಶನಕ್ಕೆ ಕಳಿಸಿದೆ. ಆರಿಸಿದ್ದೇವೆ ಎಂದು ಉತ್ತರ ಬಂತು. ನನ್ನ ಜೀವನದಲ್ಲಿ ಮೊದಲನೇ ಸಲ. ಬಸ್ಸಿನಲ್ಲಿ ಆ ಮೆಸೇಜನ್ನು ಎಷ್ಟು ಸಲ ಓದಿದೆನೋ, ರಾಜೇಶ್ವರ ದಾಟಿದ್ದೇ ಗೊತ್ತಾಗಲಿಲ್ಲ. ಸೋಮವಾರ ಹುಮನಾಬಾದಿಗೆ ಒಯ್ದು ಕಟ್ಟು ಹಾಕಿಸಬೇಕು ಎಂದು ಅಪ್ಪನಿಗೆ ಹೇಳಿದೆ. ಮಂದಿ ಬಂದು ನೋಡುತ್ತಾರೇನು ಎಂದು ಕೇಳಿದ. ನೋಡುತ್ತಾರಲ್ಲ, ಊರೂರಿನ ಮಂದಿ ಬರುತ್ತಾರೆ, ನಿಂತು ನೋಡುತ್ತಾರೆ ಎಂದು ಉಬ್ಬಿ ಹೇಳಿದೆ.

ಶನಿವಾರ ಅರ್ಧ ದಿನದ ಶಾಲೆ. ಎರಡು ಗಂಟೆಗೆ ಮೆಟ್ಟಿಲು ಹತ್ತಿ ಬಂದರೆ ಅಪ್ಪ ಮೇಜಿನ ಬಳಿ ನಿಂತಿದ್ದ. ಬೆರಳಿಗೆಲ್ಲ ಶಾಯಿ, ಧೋತರಕ್ಕೂ ಶಾಯಿ. ಮುಖ ಮಾತ್ರ ಬೆಳಗಿತ್ತು.

“ಬಾ ಅವ್ವ, ನೋಡು. ಆ ಸಾಲು ತುಂಬೀನಿ. ಇನ್ನ ಸಾಲು ಬಿಟ್ಟಾಳಂತ ಯಾರೂ ನಿನಗ ಹೆಸರಿಡಾಂಗಿಲ್ಲ.”

ಬಿಳಿ ಇರಲಿಲ್ಲ. ಅದರ ಜಾಗದಲ್ಲಿ ಹುಳ ಹರಿದ ಹಾಗೆ ಒಂದು ಗೆರೆ. ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅಂದದ್ದರಲ್ಲಿ ಹೆಚ್ಚಿನದು ಮರೆತಿದೆ, ಮರೆಯಬೇಕಾದದ್ದೇ ಉಳಿದಿದೆ.

“ನಿನ್ನ ಕೈ ನಡಗ್ತದಂತ ನಿನಗ ಗೊತ್ತಿಲ್ಲೇನು? ಆ ಕೈಲೆ ಯಾಕ ಮುಟ್ಟಿದಿ?”

ಅಪ್ಪ ಪೆನ್ನಿಗೆ ಮುಚ್ಚಳ ಹಾಕಲು ನೋಡಿದ. ಒಮ್ಮೆ ತಪ್ಪಿತು, ಎರಡನೇ ಸಲವೂ ತಪ್ಪಿತು, ಮೂರನೇ ಸಲಕ್ಕೆ ಹತ್ತಿತು. ನಾನು ನಿಂತು ನೋಡಿದೆ, ಕೈ ಚಾಚಿ ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ಅವನ ಬಲಗೈ ಶಾಲಿನ ಒಳಗೆ ಸೇರಿತು. ನಾನು ಮನೆಯಲ್ಲಿದ್ದಷ್ಟು ಹೊತ್ತೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ನನ್ನ ಜೊತೆ ಊಟಕ್ಕೆ ಕೂರುವುದು ನಿಂತಿತು. ಹಸಿವಿಲ್ಲ, ಆಮೇಲೆ ಉಣ್ಣುತ್ತೇನೆ ಅನ್ನುತ್ತಿದ್ದ, ನಾನು ಶಾಲೆಗೆ ಹೋದ ಮೇಲೆ ಉಣ್ಣುತ್ತಿದ್ದ. ಮೇಜಿನ ಕೋಣೆಗೆ ಬರುವುದನ್ನೇ ಬಿಟ್ಟ. ಊರಿಗೆ ಯಾವಾಗ ಕಳಿಸುತ್ತೀ ಎಂದು ಎರಡು ಸಲ ಕೇಳಿದ. ತಪ್ಪಾಯಿತು ಅನ್ನುವ ಮಾತು ನಮ್ಮ ಮನೆಯಲ್ಲಿ ತಂದೆ ಮಕ್ಕಳ ನಡುವೆ ಆಡಿ ರೂಢಿಯಿಲ್ಲ. ಹುಗ್ಗಿ ಮಾಡಿಟ್ಟೆ. ಅದನ್ನೂ ನಾನು ಹೋದ ಮೇಲೆಯೇ ಉಂಡ.

ತಮ್ಮನಿಗೆ ಫೋನು ಮಾಡಿದ್ದು ನನ್ನದೇ ಸರಿ ಎಂದು ಹೇಳಿಸಿಕೊಳ್ಳಲು. ಬಸ್ಸಿನಲ್ಲಿ ಕೂತು, ಅಪ್ಪ ಹೀಗೆ ಮಾಡಿದ ನೋಡು ಎಂದು ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, ಅಕ್ಕ, ನಿನಗೆ ಹೋದ ಮಿರಗದ್ದು ಗೊತ್ತಿಲ್ಲ ಅಂದ. ಈಗ ನಮ್ಮ ಹೊಲವನ್ನೆಲ್ಲ ತಮ್ಮನೇ ಟ್ರ್ಯಾಕ್ಟರಿನಿಂದ ಬಿತ್ತುತ್ತಾನೆ. ಬಾವಿ ಹತ್ತಿರದ ಒಂದು ತುಂಡಿನಲ್ಲಿ ಟ್ರ್ಯಾಕ್ಟರು ತಿರುಗುವುದಿಲ್ಲ, ಅಷ್ಟನ್ನು ಅಪ್ಪ ಪಕ್ಕದವರ ಎತ್ತು ತಂದು ಕೂರಿಗೆಯಿಂದ ಬಿತ್ತುವುದು. ಹೋದ ಸಲ ಉದ್ದಿನ ಮೊಳಕೆ ಎದ್ದಾಗ ಸಾಲುಗಳು ಅಂಕುಡೊಂಕಾಗಿದ್ದವು, ನಡುವೆ ಒಂದು ಸಾಲು ಪೂರ್ತಿ ಬಿಟ್ಟುಹೋಗಿತ್ತು. ಮಂದಿ ಬಂದು ಬದುವಿನ ಮೇಲೆ ನಿಂತರು. ಯಾರೂ ನಗಲಿಲ್ಲ. ಯಾರೂ ಒಂದು ಮಾತೂ ಅನ್ನಲಿಲ್ಲ, ಸುಮ್ಮನೆ ಹೋದರು. ಅಪ್ಪನಿಗೆ ಅದೇ ತಡೆಯಲಾಗಲಿಲ್ಲ. ಮರುದಿನ ಕಳೆ ತೆಗೆಯುವ ಖುರಪಿ ತೆಗೆದುಕೊಂಡು ಹೋಗಿ ಆ ಬಿಟ್ಟ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಕಾಳು ಊರುತ್ತಾ ಮೂರು ದಿನ ಸರಿದ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನನಗೆ ಸೀಟಿನ ಮೇಲೆ ಕೂರಲಾಗಲಿಲ್ಲ. ಎದ್ದು ನಿಂತೆ. ಕಂಡಕ್ಟರರು ಸೀಟು ಖಾಲಿ ಇದೆಯಲ್ಲ ಮೇಡಂ ಅಂದರು. ಬಂಗ್ಲಾ ಕ್ರಾಸು ಬರುವವರೆಗೆ ಕಂಬಿ ಹಿಡಿದು ನಿಂತೇ ಬಂದೆ.

ಮನೆಗೆ ಬಂದು ಆ ಗೆರೆಯನ್ನು ನೋಡಿದೆ. ಅಲ್ಲಿಯವರೆಗೆ ನಾನು ಅದನ್ನು ನೋಡಿಯೇ ಇರಲಿಲ್ಲ. ಬಿಳಿ ಹೋದದ್ದನ್ನಷ್ಟೇ ನೋಡಿದ್ದೆ, ಇದು ಏನು ಎಂದು ಕೇಳುವವರ ಹಾಗೆ. ಹೇಗೆ ಬಂತು ಎಂದು ಕೇಳಿರಲಿಲ್ಲ.

ಗೆರೆ ಎಡಗಡೆಯ ಅಂಚಿನಲ್ಲಿ ಒಂದು ದಪ್ಪ ಚುಕ್ಕೆಯಿಂದ ಶುರುವಾಗಿತ್ತು. ಅಲ್ಲಿ ಪೆನ್ನು ಬಹಳ ಹೊತ್ತು ನಿಂತಿತ್ತು. ಆಮೇಲೆ ಎರಡು ಬೆರಳಿನಷ್ಟು ದೂರ ಸಣ್ಣ ಸಣ್ಣ ಹಲ್ಲಿನ ಹಾಗೆ ನಡುಗುತ್ತಾ ಹೋಗಿ ಮತ್ತೊಂದು ಚುಕ್ಕೆ. ಅಲ್ಲಿ ಪೆನ್ನು ಎತ್ತಿದ್ದಾನೆ, ಕೈ ಇಳಿಯಲಿ ಎಂದು ಕಾದಿದ್ದಾನೆ, ಎತ್ತಿದ ಜಾಗದಲ್ಲೇ ಮತ್ತೆ ಊರಿದ್ದಾನೆ. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಹೀಗೇ ಎರಡು ಮೊಳದುದ್ದ. ನಡುವೆ ಒಂದು ಕಡೆ ಆರು ಚುಕ್ಕೆಗಳು ಒತ್ತೊತ್ತಾಗಿದ್ದವು. ಅಲ್ಲಿ ಕೈ ಬಹಳ ಕಾಡಿರಬೇಕು, ಬಿಟ್ಟುಬಿಡೋಣ ಅನಿಸಿರಬೇಕು. ಅದರ ಮುಂದೆ ಒಂದು ಗೇಣಿನಷ್ಟು ಗೆರೆ ನೂಲಿನ ಹಾಗೆ ನೆಟ್ಟಗೆ ಓಡಿತ್ತು, ಹಳೆಯ ಕೈ. ಅಂಚು ಬಂದಾಗ ಆತುರ ಮಾಡಿರಲಿಲ್ಲ. ಆ ಕಾಳಿನಷ್ಟು ಜಾಗದಲ್ಲಿ ಮೇಲಿನ ಗೆರೆಯನ್ನಾಗಲಿ ಕೆಳಗಿನದನ್ನಾಗಲಿ ಅದು ಒಂದೇ ಒಂದು ಕಡೆ ಮುಟ್ಟಿರಲಿಲ್ಲ. ಗಟ್ಟಿ ಕೈಯ ನನ್ನ ಗೆರೆಗಳು ಎಷ್ಟೋ ಕಡೆ ಒಂದನ್ನೊಂದು ತಾಗಿವೆ. ನಾನು ಬೆಳಿಗ್ಗೆ ಬಸ್ಸು ಹತ್ತಿದ್ದರಿಂದ ಹಿಡಿದು ಎರಡು ಗಂಟೆಯವರೆಗೆ ಅವನು ಅಲ್ಲಿ ನಿಂತಿದ್ದ. ಆ ಇಡೀ ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಗೆರೆ ಇಲ್ಲ. ನಾನು ಅಳುತ್ತಾ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ.

ಪ್ರದರ್ಶನದವರಿಗೆ ಫೋನು ಮಾಡಿ ಚಿತ್ರದಲ್ಲಿ ಒಂದು ಗೆರೆ ಸೇರಿದೆ ಎಂದು ಹೇಳಿದೆ. ಫೋಟೋದಲ್ಲಿ ಇದ್ದದ್ದೇ ಬೇಕು, ಇಲ್ಲವಾದರೆ ಮುಂದಿನ ಸಲ ನೋಡೋಣ ಅಂದರು. ಅದು ಹೋದದ್ದಕ್ಕೆ ನನಗೆ ಸಂಕಟವಿಲ್ಲ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಇವತ್ತಿಗೂ ಕಲಬುರಗಿ ಬೋರ್ಡಿನ ಬಸ್ಸು ಕಂಡರೆ ಮುಖ ತಿರುಗಿಸುತ್ತೇನೆ. ಅಪ್ಪನಿಗೆ ಮಾತ್ರ ಪ್ರದರ್ಶನವೇ ಮುಂದಕ್ಕೆ ಹೋಗಿದೆ ಎಂದೆ.

ಆಮೇಲೆ ಹೊಸ ಕಾಗದ ಹಾಸಿದೆ. ಇಪ್ಪತ್ತು ಗೆರೆ ಎಳೆದು, ನಡುವೆ ಒಂದರ ಜಾಗ ಬಿಟ್ಟು, ಅಪ್ಪ, ಈ ಸಾಲು ನೀನು ಎಳೆದುಕೊಡು ಎಂದು ಕೇಳಿದೆ. ಬೇಡವ್ವ ಅಂದ. ಮರುದಿನ ಕೇಳಿದೆ, ಅದರ ಮರುದಿನವೂ ಕೇಳಿದೆ. ನಿನ್ನ ಆ ಗೆರೆ ನನ್ನ ಎಲ್ಲಕ್ಕಿಂತ ಚೆಂದ ಇದೆ ಎಂದು ಚುಕ್ಕೆ ಚುಕ್ಕೆಯನ್ನೂ ವಿವರಿಸಿ ಹೇಳಿದೆ. ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದು ಅವನು ತಲೆ ಆಡಿಸಿದ. ಎರಡು ವಾರ ಹೀಗೇ ಹೋಯಿತು. ಊರಿಗೆ ಹೋಗುವ ದಿನ ನಿಕ್ಕಿಯಾಯಿತು.

ಹೊರಡುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಾನು ಕೇಳದೆಯೇ ಅವನು ಮೇಜಿನ ಬಳಿ ಬಂದ. ಶಾಲಿನಿಂದ ಕೈ ತೆಗೆದ. ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ದಿನವಾಗಿತ್ತು, ನಡುಕ ಹೆಚ್ಚಿತ್ತು. ಪೆನ್ನು ಕೊಟ್ಟು ಪಕ್ಕದಲ್ಲಿ ನಿಂತೆ. ನಿಬ್ಬು ಊರಿದ, ಚುಕ್ಕೆ ಮೂಡಿತು. ಎರಡು ಬೆರಳಿನಷ್ಟು ಹೋಗುವುದರೊಳಗೆ ಗೆರೆ ಎಗರಿ ಮೇಲಿನ ನನ್ನ ಗೆರೆಗೆ ತಾಗಿತು. ಅಪ್ಪ ಕಾಗದ ನೋಡಲಿಲ್ಲ, ತಲೆಯೆತ್ತಿ ನನ್ನ ಮುಖ ನೋಡಿದ. ಶಾಲೆಯಲ್ಲಿ ಶಾಯಿ ಚೆಲ್ಲಿದ ಮಕ್ಕಳು ಹೀಗೆ ನೋಡುವುದನ್ನು ನಾನು ಬಲ್ಲೆ. ಏನೂ ಆಗಿಲ್ಲ ಅಪ್ಪ, ಎಳಿ ಎಂದೆ. ನನ್ನ ಮುಖವನ್ನು ಆದಷ್ಟು ಸರಿ ಮಾಡಿಕೊಂಡೆ. ಮತ್ತೆ ಊರಿದ, ಮತ್ತೆ ತಾಗಿತು, ಮತ್ತೆ ನನ್ನ ಮುಖ ನೋಡಿದ. ಮೂರನೇ ಸಲವೂ ಹಾಗೇ ಆಯಿತು.

ಅಪ್ಪ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟ.

“ಕೈದೇನೂ ಇಲ್ಲವ್ವ,” ಅಂದ. “ನೀ ನೋಡಾಕತ್ತಿ.”

ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ. ನಾನು ಪೆನ್ನನ್ನು ಅವನ ಕೈಯ ಹತ್ತಿರ ಸರಿಸಿ ಹೊರಗೆ ಬಂದೆ. ಬಾಗಿಲು ಮುಂದಕ್ಕೆಳೆದು ಮೆಟ್ಟಿಲಿಳಿದು ಗಲ್ಲಿಯಲ್ಲಿ ನಿಂತೆ. ಎದುರು ಮನೆಯಾಕೆ ಸೊಪ್ಪು ಬಿಡಿಸುತ್ತಾ, ಯಾಕ್ರಿ ಟೀಚರ್ ಹೊರಗೆ ನಿಂತಿದ್ದೀರಿ ಎಂದು ಕೇಳಿದಳು. ಸುಮ್ಮನೆ ಎಂದೆ. ಮೇಲಿನಿಂದ ಏನೂ ಕೇಳಿಸುತ್ತಿರಲಿಲ್ಲ. ಎರಡು ಸಲ ಕೊನೆಯ ಮೆಟ್ಟಿಲಿನವರೆಗೂ ಹತ್ತಿದೆ. ಎರಡು ಸಲವೂ ಬಾಗಿಲು ಮುಟ್ಟದೆ ಕೆಳಗಿಳಿದು ಬಂದೆ.